ಸೆಮಿನರಿ ವಿದ್ಯಾರ್ಥಿಗೆ ಎಲ್ಲಿಯ ಬೇಸಿಗೆ ರಜೆ?

ಮಾನ್ಯ ಸಂಪಾದಕರೇ,

ವಿದೇಶದಲ್ಲಿ ಓದುವವರ ಬೇಸಿಗೆ ರಜೆಯ ಬಗ್ಗೆ ನಿಮ್ಮಲ್ಲಿ ಪ್ರಕಟವಾದ ಓದುಗರೊಬ್ಬರ ಪತ್ರ ಓದಿದೆ. ಸೆಮಿನರಿಯಲ್ಲಿ, ಅಂದರೆ ಸಭಾಪಾಲಕರನ್ನು (ಪಾದ್ರಿಗಳನ್ನು) ತಯಾರು ಮಾಡುವ ಕಾಲೇಜಿನಲ್ಲಿ, ದೇವಶಾಸ್ತ್ರ ಕಲಿಯಲೆಂದು ಅಮೆರಿಕಕ್ಕೆ ಬರುವವರಿಗೆ ವೀಸಾ ಸುಲಭ, ಭಾನುವಾರ ಒಂದು ಗಂಟೆ ಕೆಲಸ, ಮಿಕ್ಕಂತೆ ಆರಾಮ ಎಂದು ಅವರು ಬರೆದಿದ್ದಾರೆ. ಅವರ ಮೇಲೆ ನನಗೇನೂ ಸಿಟ್ಟಿಲ್ಲ. 2024ರ ಬೇಸಿಗೆಯವರೆಗೆ ನಾನೂ ಹೆಚ್ಚುಕಡಿಮೆ ಹಾಗೆಯೇ ತಿಳಿದಿದ್ದೆ. ಆ ಮೂರು ತಿಂಗಳು ಅಂಥ ಒಬ್ಬ ವಿದ್ಯಾರ್ಥಿಗೆ ಕಾರು ಓಡಿಸುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಮಿನ್ನೆಸೋಟಾದ ಸೇಂಟ್ ಪಾಲ್‌ನಲ್ಲಿ ನರ್ಸ್, ರಾತ್ರಿ ಪಾಳಿಯವಳು. ಬೆಳೆದದ್ದು ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಚರ್ಚ್) ಸಭೆಯಲ್ಲಿ. ಇಲ್ಲಿ ಮನೆಗೆ ಹತ್ತಿರವಿದ್ದದ್ದು ಲೂಥರನ್ (ಸುಧಾರಕ ಮಾರ್ಟಿನ್ ಲೂಥರ್‌ನ ಪಂಥದ) ಚರ್ಚ್, ಹಾಗಾಗಿ ಲೂಥರನ್ ಆದೆ. ಅದರ ಹಿಂದೆ ದೊಡ್ಡ ತತ್ವವೇನಿಲ್ಲ. ಬೇಸಿಗೆಯ ತರಬೇತಿಗೆಂದು ನಮ್ಮ ಚರ್ಚಿಗೆ ಬಂದ ವಿದ್ಯಾರ್ಥಿ ತಾಂಜಾನಿಯಾದ ಇರಿಂಗಾ ಕಡೆಯವನು. ಈ ಭಾಗದ ಲೂಥರನ್ ಸಭೆಗಳಿಗೂ ಇರಿಂಗಾ ಡಯಾಸಿಸ್‌ಗೂ (ಬಿಷಪ್ ಆಡಳಿತದ ಪ್ರಾಂತ) ಬಹಳ ವರ್ಷಗಳ ನಂಟಿದೆ. ಆ ನಂಟಿಗೆ ಇಟ್ಟ ಸ್ವಾಹಿಲಿ ಹೆಸರು ‘ಬೇಗ ಕ್ವಾ ಬೇಗ’. ಹೆಗಲಿಗೆ ಹೆಗಲು ಎಂದು ಅರ್ಥವಂತೆ. ಕನ್ನಡದ ಕಿವಿಗೆ ಬೇರೆಯೇ ಕೇಳಿಸುತ್ತದೆ. ಆ ಬೇಸಿಗೆಯ ಮಟ್ಟಿಗೆ ಕನ್ನಡದ ಅರ್ಥವೇ ಸರಿಯಾಗಿತ್ತು. ಬಡ ದೇಶದಿಂದ ಬಂದ ಹುಡುಗ ಎಂದು ಮರುಗುವವರಿಗೆ ಇನ್ನೊಂದು ಮಾತು: 1963ರಲ್ಲಿ ಏಳು ಚರ್ಚ್ ಸಂಸ್ಥೆಗಳು ಒಂದಾಗಿ ರೂಪುಗೊಂಡ ತಾಂಜಾನಿಯಾದ ಲೂಥರನ್ ಚರ್ಚ್ ಇವತ್ತು ಅಮೆರಿಕದ ಯಾವ ಲೂಥರನ್ ಪಂಗಡಕ್ಕಿಂತಲೂ ದೊಡ್ಡದು. ಖಾಲಿ ಬೆಂಚು ಎಣಿಸುವವರು ನಾವು.

ವೀಸಾ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. ಆತನದೂ ಎಲ್ಲರ ಹಾಗೆ ಎಫ್-1, ಅಂದರೆ ವಿದ್ಯಾರ್ಥಿ ವೀಸಾ. ಧರ್ಮಸೇವೆಗೆ ಬರುವವರಿಗೆ ಆರ್-1 ಎಂಬ ಬೇರೆ ವೀಸಾ ಉಂಟು. ಓದಲು ಬಂದವರಿಗೆ ಅದಲ್ಲ. ಚರ್ಚಿನಲ್ಲಿ ಸಂಬಳದ ತರಬೇತಿ ಪಡೆಯಬೇಕಾದರೆ ಕಾಲೇಜಿನವರು ಐ-20 ಎಂಬ ವಿದ್ಯಾರ್ಥಿಯ ದಾಖಲೆಪತ್ರದಲ್ಲಿ ಸಿಪಿಟಿ (ಓದಿನ ಭಾಗವಾದ ಕೆಲಸಕ್ಕೆ ಅನುಮತಿ) ಎಂದು ನಮೂದಿಸಿ ಕೊಡಬೇಕು. ಮಕ್ಕಳನ್ನು ಸಾಫ್ಟ್‌ವೇರ್ ಓದಲು ಕಳಿಸಿದ ನಿಮ್ಮ ಓದುಗರಿಗೆ ಈ ಅಕ್ಷರಗಳನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ನಿಯಮ, ಅದೇ ಭಯ. ಕೈಗೆ ಬರುವ ಹಣ ಮಾತ್ರ ಬೇರೆ. ನಮ್ಮ ಚರ್ಚ್ ತಿಂಗಳಿಗೆ ಎಷ್ಟು ಕೊಟ್ಟಿತು ಎಂದು ಬರೆಯಲು ನನಗೆ ನಾಚಿಕೆ.

ಇನ್ನು ‘ರಜೆ’. ಚಳಿಗಾಲ ಪೂರ್ತಿ ಮನೆಯೊಳಗೆ ಕೂತ ಇಲ್ಲಿನ ಜನ ಜೂನ್ ಬಂದರೆ ಶುಕ್ರವಾರ ಮಧ್ಯಾಹ್ನವೇ ಉತ್ತರದ ಕೆರೆಗಳ ದಾರಿ ಹಿಡಿಯುತ್ತಾರೆ. ಗಾಯಕ ತಂಡಕ್ಕೆ ರಜೆ, ಸಂಡೇ ಸ್ಕೂಲಿಗೆ ರಜೆ, ಸಮಿತಿಗಳಿಗೆ ರಜೆ. ಸಾಯುವವರು ಮಾತ್ರ ರಜೆ ಹಾಕುವುದಿಲ್ಲ. ಆ ಬೇಸಿಗೆ ಮೂರು ಅಂತ್ಯಕ್ರಿಯೆ ನಡೆದವು. ಆಮೇಲೆ ನೆಲಮಾಳಿಗೆಯಲ್ಲಿ ಕಾಫಿ, ಸ್ಯಾಂಡ್‌ವಿಚ್. ಅದಾದ ಮೇಲೆ ಮಡಚುವ ಕುರ್ಚಿಗಳನ್ನು ಎತ್ತಿ ಗೋಡೆಗೆ ಜೋಡಿಸುವ ಕೆಲಸ. ಮೂರು ಸಲವೂ ಜೋಡಿಸಿದ್ದು ಆತನೇ. ಜೂನ್‌ನಲ್ಲಿ ಐದು ದಿನ ಮಕ್ಕಳ ವಿಬಿಎಸ್, ಅಂದರೆ ರಜೆಯ ಬೈಬಲ್ ಶಾಲೆ. ಆಫೀಸಿನ ಸೆಕ್ರೆಟರಿ ರಜೆ ಹೋದಾಗ ಆರಾಧನೆಯ ಹಾಳೆ ಮುದ್ರಿಸಿ ಮಡಚುವುದೂ ಆತನ ಪಾಲಿಗೇ ಬಂತು. ಕಲಿಯಲು ಬಂದವನಲ್ಲವೇ, ಎಲ್ಲ ಕಲಿಯಲಿ ಎಂದು ನಾವು ಹೇಳುತ್ತಿದ್ದೆವು. ಹೀಗೆ ಹೇಳಿದವರಲ್ಲಿ ನಾನೂ ಇದ್ದೆ.

ಪ್ರಸಂಗದ, ಅಂದರೆ ಭಾನುವಾರದ ಉಪದೇಶದ, ಕತೆ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮಲ್ಲಿ ಭಾನುವಾರದ ಬೈಬಲ್ ಪಾಠಗಳು ಮೂರು ವರ್ಷಕ್ಕೊಮ್ಮೆ ಸುತ್ತು ಬರುತ್ತವೆ. ಎರಡನೆಯ ವರ್ಷದ ಬೇಸಿಗೆಯಲ್ಲಿ ಸಾಲಾಗಿ ಐದು ಭಾನುವಾರ ಯೋಹಾನನ ಸುವಾರ್ತೆಯ 6ನೆಯ ಅಧ್ಯಾಯ, ಅಂದರೆ ರೊಟ್ಟಿ, ರೊಟ್ಟಿ, ಮತ್ತೆ ರೊಟ್ಟಿ. 2024ರಲ್ಲಿ ಅದು ಬಿದ್ದದ್ದು ಜುಲೈ 28ರಿಂದ ಆಗಸ್ಟ್ 25ರವರೆಗೆ. ಮೂರನೆಯ ವಾರಕ್ಕೆ ಯಾವ ಸಭಾಪಾಲಕರ ಬಳಿಯೂ ಹೇಳಲು ಹೊಸದೇನೂ ಉಳಿದಿರುವುದಿಲ್ಲ. ನಮ್ಮ ಸಭಾಪಾಲಕರು ಸರಿಯಾಗಿ ಆ ದಿನಗಳಲ್ಲೇ ರಜೆ ಹಾಕಿ, ಐದರಲ್ಲಿ ಮೂರು ಭಾನುವಾರಗಳನ್ನು ಈ ಹುಡುಗನಿಗೆ ಬಿಟ್ಟುಕೊಟ್ಟರು. ಕಾಕತಾಳೀಯ ಇರಬಹುದು.

ಆತನ ಮನೆಮಾತು ಹೆಹೆ, ಶಾಲೆಯಲ್ಲಿ ಸ್ವಾಹಿಲಿ, ಇಂಗ್ಲಿಷ್ ಮೂರನೆಯದು. ಶನಿವಾರ ಸಂಜೆ ನನ್ನ ಕಾರಿನಲ್ಲಿ ಕೂತು ಪ್ರಸಂಗವನ್ನು ಗಟ್ಟಿಯಾಗಿ ಓದುತ್ತಿದ್ದ. ಒಂದು ಶನಿವಾರ ಅರ್ಧಕ್ಕೇ ನಿಲ್ಲಿಸಿ, “ಮಾಮಾ, ನಮ್ಮ ಪ್ರಾರ್ಥನೆಯಲ್ಲಿ ರೊಟ್ಟಿಯೇ ಇಲ್ಲ” ಎಂದ. (ಮಾಮಾ ಎಂದರೆ ಅವರಲ್ಲಿ ಅಮ್ಮ.) ಯೇಸು ಕಲಿಸಿದ ‘ಕರ್ತನ ಪ್ರಾರ್ಥನೆ’ಯಲ್ಲಿ ಇಂಗ್ಲಿಷಿನವರು ದಿನದ ರೊಟ್ಟಿ ಕೊಡು ಎಂದು ಕೇಳುವ ಕಡೆ ಸ್ವಾಹಿಲಿಯಲ್ಲಿ ‘ರಿಜಿಕಿ’ ಎಂದಿದೆ. ಬದುಕಿಗೆ ಬೇಕಾದದ್ದು, ಹೊಟ್ಟೆಪಾಡು. ಉರ್ದು ಬಲ್ಲವರಿಗೆ ಆ ಪದ ಗುರುತು ಸಿಕ್ಕೀತು. ನಮ್ಮ ಕನ್ನಡದಲ್ಲೂ ರೊಟ್ಟಿಯಿಲ್ಲ, ‘ಅನುದಿನದ ಆಹಾರ’ ಎಂದೆ ನಾನು. ಅಷ್ಟು ಸಾಕಾಯಿತು ಆತನಿಗೆ. ಲೂಥರ್ 1529ರ ಚಿಕ್ಕ ಪ್ರಶ್ನೋತ್ತರಿಯಲ್ಲಿ ದಿನದ ರೊಟ್ಟಿ ಎಂದರೇನು ಎಂದು ಕೇಳಿಕೊಂಡು ಅನ್ನ, ಬಟ್ಟೆ, ಮನೆ, ಹೊಲ, ಒಳ್ಳೆಯ ಸರ್ಕಾರ, ಒಳ್ಳೆಯ ಹವೆ, ಕೊನೆಗೆ ಒಳ್ಳೆಯ ನೆರೆಹೊರೆಯನ್ನೂ ಪಟ್ಟಿಗೆ ಸೇರಿಸಿದ್ದಾನೆ. ಮರುದಿನ ಆತ ಆ ಪಟ್ಟಿಯನ್ನೇ ಹಿಡಿದು ಹನ್ನೆರಡು ನಿಮಿಷ ಮಾತಾಡಿದ. ಲೂಥರನ್ನು ಅರೆದು ಕುಡಿದಿದ್ದೇವೆ ಎಂದುಕೊಂಡಿದ್ದ ಹಿರಿಯರು ನೆರೆಹೊರೆಯ ಮಾತು ಬಂದಾಗ ಕುರ್ಚಿಯಲ್ಲಿ ಸರಿದು ಕೂತದ್ದನ್ನು ನಾನು ನೋಡಿದೆ.

ವಾರದ ನಡುವೆ ನರ್ಸಿಂಗ್ ಹೋಮ್‌ಗಳ ಭೇಟಿ. ಗುರುದೀಕ್ಷೆ ಆಗಿರದ ಕಾರಣ ಪ್ರಭುಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರ) ನಡೆಸುವಂತಿಲ್ಲ. ಭಾನುವಾರ ಪ್ರತಿಷ್ಠಿಸಿದ ರೊಟ್ಟಿ, ದ್ರಾಕ್ಷಾರಸವನ್ನು ಪುಟ್ಟ ಪೆಟ್ಟಿಗೆಯಲ್ಲಿ ಒಯ್ದು ಕೊಡಬಹುದು. ಮೊದಲ ಸಲ ಹೋದಾಗ ತೊಂಬತ್ತು ದಾಟಿದ ಅಜ್ಜಿಯೊಬ್ಬರು ಆತನನ್ನು ಡಾಕ್ಟರ್ ಎಂದು ತಿಳಿದು, ಒಂದು ವಾರದಿಂದ ಕಿವಿ ಕೇಳಿಸುತ್ತಿಲ್ಲ, ಎಲ್ಲರಿಗೂ ಹೇಳಿ ಹೇಳಿ ಸಾಕಾಯಿತು ಎಂದು ಬೈದರು. ನಾನು ವಿವರಿಸಲು ಬಾಯಿ ತೆರೆದೆ. ಆತ ಅಷ್ಟರಲ್ಲಿ ಮಂಡಿಯೂರಿ ಮೇಜಿನ ಡ್ರಾಯರ್ ಹುಡುಕುತ್ತಿದ್ದ. ಕಿವಿಯಂತ್ರದ ಬ್ಯಾಟರಿ ಸಿಕ್ಕಿತು: 13ನೆಯ ನಂಬರಿನದು, ಬೆನ್ನಿಗೆ ಕಿತ್ತಳೆ ಬಣ್ಣದ ಚೀಟಿ. ಚೀಟಿ ಕಿತ್ತು ಒಂದು ನಿಮಿಷ ಗಾಳಿಗೆ ಬಿಟ್ಟ ಮೇಲೆ ಹಾಕಬೇಕು ಎಂದು ನಾನು ಹೇಳಿಕೊಟ್ಟೆ. ಯಂತ್ರ ಕಿವಿಗೆ ಕೂತು ಕುಂಯ್ ಎಂದ ಮೇಲೆಯೇ ಪ್ರಾರ್ಥನೆ ಶುರುವಾದದ್ದು. ಮುಂದಿನ ವಾರ ಪೆಟ್ಟಿಗೆ ತೆರೆದಾಗ ಬೆರಳುದ್ದದ ಗಾಜಿನ ಲೋಟಗಳ ಪಕ್ಕದಲ್ಲಿ ಬ್ಯಾಟರಿಗಳ ಒಂದು ಪ್ಯಾಕೆಟ್ಟೂ ಇತ್ತು. ಸೆಮಿನರಿಯಲ್ಲಿ ಇದನ್ನು ಕಲಿಸುತ್ತಾರೋ ಇಲ್ಲವೋ.

ಆತನ ಡೈರಿಯನ್ನು ಒಮ್ಮೆ ನೋಡಿ ಗಾಬರಿಯಾಗಿದ್ದೆ. ಹತ್ತು ಗಂಟೆಯ ಭೇಟಿಯ ಎದುರು ನಾಲ್ಕು ಎಂದು ಬರೆದಿತ್ತು. ಸ್ವಾಹಿಲಿಯವರು ಸೂರ್ಯ ಹುಟ್ಟಿದ ಹೊತ್ತಿನಿಂದ ಗಂಟೆ ಎಣಿಸುತ್ತಾರಂತೆ. ನಮ್ಮ ಬೆಳಗಿನ ಏಳು ಅವರಿಗೆ ಒಂದು. ಊರಿನಲ್ಲಿದ್ದ ಹೆಂಡತಿ, ಮಗಳೊಂದಿಗೆ ಮಾತಾಡಲು ಮತ್ತೆ ಎಂಟು ಗಂಟೆಯ ಅಂತರ. ಇಲ್ಲಿ ರಾತ್ರಿ ಹತ್ತಾದರೆ ಇರಿಂಗಾದಲ್ಲಿ ಬೆಳಗಿನ ಆರು. ಹಾಗಾಗಿ ದಿನದ ಎಲ್ಲ ಕೆಲಸ ಮುಗಿದ ಮೇಲೆ, ನಾನು ಪಾಳಿಗೆ ಹೊರಡುವ ಹೊತ್ತಿಗೆ, ಚರ್ಚಿನ ಮೆಟ್ಟಿಲ ಮೇಲೆ ಸೊಳ್ಳೆ ಹೊಡೆಯುತ್ತ ಫೋನ್ ಹಿಡಿದು ಕೂತಿರುತ್ತಿದ್ದ. ಮಗಳು ಶಾಲೆಗೆ ಹೊರಡುವ ಮೊದಲು ಹತ್ತು ನಿಮಿಷ.

ಆಗಸ್ಟ್ ಕೊನೆಗೆ ಸೆಮಿನರಿಯಿಂದ ಮೌಲ್ಯಮಾಪನದ ಫಾರಂ ಬಂತು. ನಮ್ಮ ಚರ್ಚಿನ ಸಮಿತಿಯ ಆರು ಜನ ಕೂತು ತುಂಬಿದೆವು. ಎಲ್ಲದಕ್ಕೂ ಉತ್ತಮ, ಅತ್ಯುತ್ತಮ. ಒಂದು ಪ್ರಶ್ನೆಗೆ ಬಂದಾಗ ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು: ವಿದ್ಯಾರ್ಥಿಯ ವಾರದ ರಜೆ ಯಾವ ದಿನ? ಯಾರೋ ಸೋಮವಾರ ಇರಬೇಕು ಎಂದರು. ಹಾಗೆಯೇ ಬರೆದು ಸಹಿ ಹಾಕಿ ಕಳಿಸಿದೆವು. ಬಡವರಿಗೆ ದಿನಸಿ ಹಂಚಲು ಲಾರಿಯಲ್ಲಿ ಬರುತ್ತಿದ್ದ ಪೆಟ್ಟಿಗೆಗಳನ್ನು ಇಳಿಸುತ್ತಿದ್ದದ್ದು ಸೋಮವಾರ ಬೆಳಿಗ್ಗೆ, ಆತನನ್ನು ಅಲ್ಲಿಗೆ ಬಿಡುತ್ತಿದ್ದವಳು ನಾನೇ ಎಂಬುದು ನೆನಪಾದದ್ದು ಮನೆಗೆ ಬಂದ ಮೇಲೆ.

— ಓರ್ವ ಓದುಗಿ, ಸೇಂಟ್ ಪಾಲ್, ಮಿನ್ನೆಸೋಟಾ