ಎತ್ತಿಕೊಂಡರೆ ಅಭ್ಯಾಸ ಕೆಡುತ್ತಾ?

ಎಲ್ಲರಿಗೂ ನಮಸ್ಕಾರ. ಅತ್ತಾಗಲೆಲ್ಲ ಎತ್ತಿಕೊಂಡರೆ ಮಗುವಿನ ಅಭ್ಯಾಸ ಕೆಡುತ್ತೆ ಅಂತ ನಿನ್ನೆ ಇಲ್ಲಿ ಚರ್ಚೆ ಜಾಸ್ತಿ ಆಯಿತು, ಅದಕ್ಕೇ ಬರೆಯುತ್ತಿದ್ದೇನೆ. ಅತ್ತಾಗ ಎತ್ತಿಕೊಂಡರೆ ಎಳೆಗೂಸು ಕೆಡುವುದಿಲ್ಲ. ಅತ್ತರೆ ಯಾರೋ ಬರುತ್ತಾರೆ ಅನ್ನೋ ನಂಬಿಕೆಯೇ ಅದಕ್ಕೆ ಬೇಕಾದ್ದು. ಹಾಲು ಕೊಟ್ಟವರಿಗೆ ಮಾತ್ರ ಅಂಟಿಕೊಳ್ಳುತ್ತೆ ಅನ್ನೋದೂ ಸುಳ್ಳು. 1950ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾರಿ ಹಾರ್ಲೋ ಮಂಗನ ಮರಿಗಳಿಗೆ ಹಾಲಿನ ಬಾಟಲಿ ಇದ್ದ ತಂತಿ ಬೊಂಬೆ, ಹಾಲಿಲ್ಲದ ಮೆತ್ತನೆ ಬಟ್ಟೆ ಬೊಂಬೆ ಎರಡನ್ನೂ ಇಟ್ಟಾಗ ಅವು ಹಾಲು ಕುಡಿದು ಬಂದು ಬಟ್ಟೆ ಬೊಂಬೆಯನ್ನೇ ತಬ್ಬಿಕೊಂಡು ಕೂತವು (ತಾಯಿಯಿಂದ ಮರಿಗಳನ್ನು ಬೇರೆ ಮಾಡಿದ್ದು ಕ್ರೂರವೇ ಬಿಡಿ). ಹಾಗಾಗಿ ಅಪ್ಪಂದಿರೇ, ಎಣ್ಣೆ ಹಚ್ಚೋದು, ರಾತ್ರಿ ಹೆಗಲ ಮೇಲೆ ಹಾಕಿಕೊಂಡು ತಟ್ಟೋದು ನಿಮ್ಮ ಕೆಲಸವೂ ಹೌದು. 8 ತಿಂಗಳ ಹೊತ್ತಿಗೆ ಮಗು ಹೊಸಬರನ್ನು ಕಂಡು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡರೆ ಗಾಬರಿ ಬೇಡ. ಆಚೆ ಹೋಗುವಾಗ ಕದ್ದು ಹೋಗಬೇಡಿ, ಟಾಟಾ ಮಾಡಿ ಹೋಗಿ.