ಹಗಲುವೇಷ ಬೇರೆ, ಸೋಗು ಬೇರೆ

ಮಾನ್ಯ ಸಂಪಾದಕರೇ,

ಭೋಪಾಲ್ ಅನಿಲ ದುರಂತದ ಮಾತು ಬಂದಾಗ ಡೌ ಕೆಮಿಕಲ್ ಕಂಪನಿಯ ವಕ್ತಾರನ ಸೋಗಿನಲ್ಲಿ ಒಬ್ಬರು ಬಿಬಿಸಿಯಲ್ಲಿ ಸುಳ್ಳು ಪರಿಹಾರ ಘೋಷಿಸಿದ 2004ರ ಡಿಸೆಂಬರ್ 3ರ ಪ್ರಸಂಗವನ್ನೂ ಕೆಲವರು ನೆನೆಯುತ್ತಾರೆ. ‘ಕಂಪನಿಯ ವೆಬ್‌ಸೈಟ್ ಹ್ಯಾಕ್ ಮಾಡಿ ಚಾನೆಲ್ಲಿಗೆ ಟೋಪಿ ಹಾಕಿದರು’ ಎಂದು ಅದನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಅಲ್ಲಿ ಯಾರೂ ಏನನ್ನೂ ಹ್ಯಾಕ್ ಮಾಡಿರಲಿಲ್ಲ. ದೊಡ್ಡ ಕಂಪನಿಗಳನ್ನು ಅಣಕಿಸಿ ಬಾಯಿ ಬಿಡಿಸುವ ಈ ಬಗೆಯ ಚಳವಳಿಯನ್ನು ಹೊಗಳುವ ಮುನ್ನ, ತೆಗಳುವ ಮುನ್ನ, ಅದು ನಡೆದ ಬಗೆಯನ್ನು ನೋಡಬೇಕು.

ಭೋಪಾಲ್ ಕಾರ್ಖಾನೆಯ ಮೂಲ ಕಂಪನಿ ಯೂನಿಯನ್ ಕಾರ್ಬೈಡನ್ನು 2001ರಲ್ಲಿ ಕೊಂಡ ಡೌ ಕೆಮಿಕಲ್, ಭೋಪಾಲಿನ ಹೊಣೆ ತನ್ನದಲ್ಲ ಎನ್ನುತ್ತಿತ್ತು. ಆ ಹೊಣೆಯನ್ನು ಏಕೆ ಹೊರಲಾಗದು ಎಂಬುದನ್ನು ಕಂಪನಿಯ ಭಾಷೆಯಲ್ಲೇ ‘ಬಿಡಿಸಿ ಹೇಳುವ’ ಅಣಕು ತಾಣವೊಂದನ್ನು ‘ಯೆಸ್ ಮೆನ್’ ಎಂಬ ತಂಡ 2002ರಲ್ಲಿ ತೆರೆಯಿತು. ಮೊದಲ ಡೊಮೈನನ್ನು (ತಾಣದ ವಿಳಾಸವನ್ನು) ತಮಾಷೆಗೆಂದು ಕಂಪನಿ ಮುಖ್ಯಸ್ಥರ ಮಗನ ಹೆಸರಿನಲ್ಲೇ ನೋಂದಾಯಿಸಿದ್ದರು. ಅತಿ ಜಾಣತನ ಅಲ್ಲೇ ಎಡವಿತು: ಯಾರ ಹೆಸರಿನಲ್ಲಿದೆಯೋ ಸ್ವತ್ತು ಅವನದೇ ಎಂದಾಗಿ, ಆ ಡೊಮೈನ್ ಕೈತಪ್ಪಿತು. ಉಳಿದದ್ದು ‘ಡೌಎಥಿಕ್ಸ್’ ಎಂಬ ಇನ್ನೊಂದು ವಿಳಾಸ. 2004ರ ನವೆಂಬರ್ ಕೊನೆಗೆ ಬಿಬಿಸಿ ಅದನ್ನೇ ಅಸಲಿಯೆಂದು ನಂಬಿ, ದುರಂತಕ್ಕೆ 20 ವರ್ಷ ತುಂಬುವ ದಿನ ಮಾತಾಡಲು ಪ್ರತಿನಿಧಿಯೊಬ್ಬರು ಬೇಕೆಂದು ಇಮೇಲ್ ಬರೆಯಿತು. ಗಾಳ ಎರಡು ವರ್ಷ ನೀರಿನಲ್ಲೇ ಇತ್ತು, ಮೀನು ತಾನಾಗಿ ಬಂತು.

ಪ್ಯಾರಿಸ್ಸಿನ ಸ್ಟುಡಿಯೊದಲ್ಲಿ ತಂಡದ ಆ್ಯಂಡಿ ಬಿಕಲ್‌ಬಾಮ್, ‘ಜೂಡ್ ಫಿನಿಸ್ಟೆರಾ’ ಎಂಬ ವಕ್ತಾರರಾಗಿ ಕುಳಿತರು. (ಕೈಮೀರಿದ ಸಂಕಟಗಳಿಗೆ ಕ್ರೈಸ್ತರು ಮೊರೆಹೋಗುವ ಸಂತನ ಹೆಸರು ಜೂಡ್. ಫಿನಿಸ್ಟೆರಾ ಎಂದರೆ ಭೂಮಿಯ ಕೊನೆ. ಸುಳಿವು ಹೆಸರಿನಲ್ಲೇ ಇತ್ತು!) ಡೌ ಪೂರ್ತಿ ಹೊಣೆ ಹೊರುತ್ತದೆ, ಯೂನಿಯನ್ ಕಾರ್ಬೈಡನ್ನು ಮಾರಿ ಬರುವ 1,200 ಕೋಟಿ ಡಾಲರನ್ನು ಸಂತ್ರಸ್ತರಿಗೂ ಕಾರ್ಖಾನೆ ಆವರಣದ ಶುದ್ಧೀಕರಣಕ್ಕೂ ಕೊಡುತ್ತದೆ ಎಂದರು. 1989ರ ಒಪ್ಪಂದದಲ್ಲಿ ಯೂನಿಯನ್ ಕಾರ್ಬೈಡ್‌ನಿಂದ ನಿಜವಾಗಿ ಸಿಕ್ಕಿದ್ದು 47 ಕೋಟಿ ಡಾಲರ್. ಫ್ರಾಂಕ್‌ಫರ್ಟ್ ಪೇಟೆಯಲ್ಲಿ 23 ನಿಮಿಷಕ್ಕೆ ಡೌ ಷೇರು ಶೇ 4.24 ಕುಸಿಯಿತು, ಸುಮಾರು 200 ಕೋಟಿ ಡಾಲರ್ ಮೌಲ್ಯ ಕರಗಿತು. ಸುದ್ದಿ ಸುಳ್ಳೆಂದು ತಿಳಿದ ಮೇಲೆ ಚೇತರಿಸಿಕೊಂಡಿತು.

ಸುಳ್ಳು ಹೇಳಿಕೆ ಈ ಕುಚೇಷ್ಟೆಯ ಅರ್ಧಭಾಗ ಮಾತ್ರ. ಅದರ ನಿಜವಾದ ಕೊಕ್ಕೆ ಇದ್ದದ್ದು ನಿರಾಕರಣೆಯಲ್ಲಿ. ಕಂಪನಿ ಸುಮ್ಮನಿದ್ದರೆ ಒಪ್ಪಿದಂತೆ, ‘ಇದು ಸುಳ್ಳು’ ಎಂದರೆ ‘ನಾವು ಬಿಡಿಗಾಸೂ ಕೊಡುವುದಿಲ್ಲ’ ಎಂದು ಜಗತ್ತಿನ ಮುಂದೆ ಸಾರಿದಂತೆ. ಡೌ ನಿರಾಕರಿಸಿತು. ತಂಡ ಕೂಡಲೇ ಡೌ ಹೆಸರಿನಲ್ಲೇ ಮತ್ತೊಂದು ‘ಸ್ಪಷ್ಟನೆ’ ಹೊರಡಿಸಿ, ಏನೇನು ಕೊಡುವುದಿಲ್ಲ ಎಂಬುದನ್ನು ಒಂದೊಂದಾಗಿ ಪಟ್ಟಿ ಮಾಡಿತು. ಈ ಉಪಾಯ ಫಲಿಸಬೇಕಾದರೆ ಹೇಳಿಕೆಯಲ್ಲಿರುವುದು ಕಂಪನಿಯಿಂದ ಆಗುವಂಥದ್ದೂ ಆಗಬೇಕಾದದ್ದೂ ಆಗಿರಬೇಕು. ಬರೀ ಬೈಗುಳವನ್ನು ಅದರ ಬಾಯಿಗೆ ತುರುಕಿದರೆ ನಿರಾಕರಣೆಯಿಂದ ಕಂಪನಿಗೇ ಲಾಭ.

ಕೆಟ್ಟದ್ದೂ ನಡೆಯಿತು. ಸುದ್ದಿ ಭೋಪಾಲಿಗೆ ಮುಟ್ಟಿ, ಕೆಲಹೊತ್ತು ನಂಬಿದವರು ಮತ್ತೆ ಕುಸಿದರು. 20 ವರ್ಷದ ನೋವಿನ ಮುಂದೆ ಒಂದೆರಡು ಗಂಟೆ ಯಾವ ಲೆಕ್ಕ ಎಂಬ ಸಮರ್ಥನೆ ನನಗೆ ಒಪ್ಪಿಗೆಯಿಲ್ಲ, ಆ ಲೆಕ್ಕ ಹಾಕಬೇಕಾದವರು ನೊಂದವರೇ. ಗುಟ್ಟು ಸೋರಿಹೋಗುವ ಭಯವಿದ್ದರೂ ಅಲ್ಲಿನ ಸಂತ್ರಸ್ತರ ಸಂಘಟನೆಗಳಿಗೆ ಮೊದಲೇ ತಿಳಿಸಬೇಕಿತ್ತು.

ಸುದ್ದಿಮನೆಯ ತಪ್ಪು ಇನ್ನೂ ಸರಳ. ತಾಣದಲ್ಲಿ ಕಂಡ ವಿಳಾಸಕ್ಕೇ ಬರೆದು, ಅಲ್ಲಿಂದ ಬಂದ ಉತ್ತರವನ್ನೇ ಖಾತ್ರಿ ಎಂದುಕೊಂಡರೆ ಕಳ್ಳನ ಹತ್ತಿರವೇ ಬೀಗದ ಕೈ ಕೊಟ್ಟಂತೆ. ನಮ್ಮಲ್ಲಾದರೆ ಲಿಸ್ಟೆಡ್ ಕಂಪನಿಗಳು ಇಂಥ ಮಹತ್ವದ ನಿರ್ಧಾರವನ್ನು ಷೇರುಪೇಟೆಗೆ ತಿಳಿಸಲೇಬೇಕು. ಬಿಎಸ್‌ಇ, ಎನ್‌ಎಸ್‌ಇ ತಾಣ ತೆರೆದು ನೋಡಲು, ಅಲ್ಲಿನ ದಾಖಲೆಯಲ್ಲಿರುವ ನಂಬರಿಗೆ ಫೋನ್ ಮಾಡಲು ಹತ್ತು ನಿಮಿಷ ಸಾಕು.

ಇಂಥ ಸೋಗಿನ ಅಣಕವನ್ನು ಇಲ್ಲಿ ಮಾಡಹೊರಟವರಿಗೆ ಕಾನೂನಿನ ಗೆರೆ ಗೊತ್ತಿರಲಿ. ಕಂಪ್ಯೂಟರ್ ಬಳಸಿ ಇನ್ನೊಬ್ಬರ ಸೋಗಿನಲ್ಲಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ದುಡ್ಡು ಮುಟ್ಟಿಲ್ಲ ಎಂದರೆ ಸಾಲದು, ವಂಚನೆಯ ವ್ಯಾಖ್ಯೆಯಲ್ಲಿ ಹೆಸರಿಗಾಗುವ ಹಾನಿಯೂ ಸೇರಿದೆ. ಆದರೆ ಬಿಚ್ಚುಮೊಗದ ಅಣಕಕ್ಕೆ ಜಾಗವಿದೆ. ಟಾಟಾ ಪಾಲಿದ್ದ ಒಡಿಶಾದ ಧಾಮ್ರಾ ಬಂದರಿನಿಂದ ಕಡಲಾಮೆಗಳಿಗೆ ಕುತ್ತು ಎಂದು ಪರಿಸರ ಸಂಘಟನೆ ಗ್ರೀನ್‌ಪೀಸ್ 2010ರಲ್ಲಿ ಆನ್‌ಲೈನ್ ಆಟವೊಂದನ್ನು ಬಿಟ್ಟಿತ್ತು. ಅದರಲ್ಲಿ ಟಾಟಾ ಲಾಂಛನದ ರಕ್ಕಸರು ಆಮೆಯನ್ನು ಅಟ್ಟಿಸಿಕೊಂಡು ಬರುತ್ತಾರೆ. ಟಾಟಾ ಸನ್ಸ್ ತಡೆಯಾಜ್ಞೆಯನ್ನೂ 10 ಕೋಟಿ ರೂಪಾಯಿ ಪರಿಹಾರವನ್ನೂ ಕೇಳಿತು. 2011ರ ಜನವರಿ 28ರಂದು ದೆಹಲಿ ಹೈಕೋರ್ಟ್ ಮಧ್ಯಂತರ ತಡೆ ಕೊಡಲು ಒಪ್ಪಲಿಲ್ಲ. ಆಟ ಆಡಿದವರು ಯಾರೂ ಅದನ್ನು ಟಾಟಾದವರೇ ಮಾಡಿದ್ದು ಎಂದುಕೊಳ್ಳುವಂತಿರಲಿಲ್ಲ. ನಮ್ಮ ಹಗಲುವೇಷದವರೂ ಹಾಗೆಯೇ, ಬಣ್ಣ ಹಚ್ಚಿದ್ದಾರೆಂದು ಊರಿಗೆಲ್ಲ ಗೊತ್ತು. 2015ರಲ್ಲಿ ಬೆಂಗಳೂರಿನ ರಸ್ತೆಗುಂಡಿಗೆ ಕಲಾವಿದ ಬಾದಲ್ ನಂಜುಂಡಸ್ವಾಮಿ ಇಳಿಸಿದ ಮೊಸಳೆಯನ್ನೂ ಯಾರೂ ನಿಜವಾದ ಮೊಸಳೆ ಎಂದುಕೊಳ್ಳಲಿಲ್ಲ, ಗುಂಡಿ ಮಾತ್ರ ಮುಚ್ಚಿತು.

ಇಂತಿ,
ಒಬ್ಬ ಓದುಗ, ಧಾರವಾಡ