ಹಳದಿ ಚೀಲಕ್ಕೆ ಹೋಗುವ ನರಹುಲಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ರಾಜ್ಯದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ನಮಸ್ಕಾರಗಳು.

ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಎಂದೊಡನೆ ಗರ್ಭಕಂಠದ ಕ್ಯಾನ್ಸರ್‌ನ ಮಾತು ಬರುತ್ತದೆ. ಬರಲೇಬೇಕು. ಆದರೆ ಅದೇ ವೈರಸ್ ಬಳಗದಲ್ಲಿ 6 ಮತ್ತು 11 ಎಂಬ ಸಂಖ್ಯೆ ಹೊತ್ತ ಎರಡು ವಿಧಗಳಿವೆ. ಜನನಾಂಗದ ನರಹುಲಿಗಳಲ್ಲಿ ಸುಮಾರು ಶೇ 90ರಷ್ಟು ಇವೆರಡರ ಕೆಲಸ. ಇವು ಸಾಮಾನ್ಯವಾಗಿ ಜೀವ ತೆಗೆಯುವುದಿಲ್ಲ, ಮಾನ ತೆಗೆಯುತ್ತವೆ. ಹಾಗಾಗಿ ಯಾವ ವೇದಿಕೆಯ ಮೇಲೂ ಇವುಗಳ ಹೆಸರು ಕೇಳಿಬರುವುದಿಲ್ಲ. ನಾನು ಸರ್ಕಾರಿ ಸೇವೆಯಲ್ಲಿ ಚರ್ಮ ಮತ್ತು ಲೈಂಗಿಕ ರೋಗಗಳ ವೈದ್ಯನಾಗಿದ್ದು ನಿವೃತ್ತನಾದವನು. ಮುಜುಗರ ನನ್ನನ್ನು ಬಿಟ್ಟು ಬಹಳ ಕಾಲವಾಯಿತು. ಮೇಲಧಿಕಾರಿಗಳ ಭಯ ನಿವೃತ್ತಿಯ ದಿನ ಬಿಟ್ಟಿತು. ಆದ್ದರಿಂದ ನೇರವಾಗಿ ಬರೆಯುತ್ತಿದ್ದೇನೆ.

ನಿಮ್ಮ ಇಲಾಖೆಯ ಯಾವ ಕಡತದಲ್ಲಾದರೂ ಈ ಒಂದು ಪ್ರಶ್ನೆಗೆ ಉತ್ತರವಿದೆಯೇ ಎಂದು ವಿಚಾರಿಸಿ ನೋಡಿ: ನಮ್ಮ ರಾಜ್ಯದ ನರಹುಲಿಗಳಲ್ಲಿ 6 ಎಷ್ಟು, 11 ಎಷ್ಟು, ಮತ್ತು 6ರಲ್ಲಿ ಯಾವ ತಳಿ ಎಷ್ಟು?

ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ವಸ್ತು ನಮ್ಮ ಕೈಯಲ್ಲೇ ಇರುತ್ತದೆ, ಕೆಲವೇ ನಿಮಿಷಗಳ ಕಾಲ. ಸಣ್ಣ ನರಹುಲಿಯಾದರೆ ಸುತ್ತಲಿನ ಚರ್ಮಕ್ಕೆ ವ್ಯಾಸಲೀನ್ ಸವರಿ, ಗಂಟಿನ ಮೇಲೆ ಪೊಡೊಫಿಲಿನ್ ಹಚ್ಚಿ, ‘ನಾಲ್ಕು ಗಂಟೆ ಬಿಟ್ಟು ಚೆನ್ನಾಗಿ ತೊಳೆದುಕೊಳ್ಳಿ’ ಎಂದು ಹೇಳಿ ಕಳಿಸುತ್ತೇವೆ. ಗರ್ಭಿಣಿಯರಿಗೆ ಆ ಔಷಧ ಕೂಡದು. ಅವರಿಗೆ ಆಮ್ಲ ಅಥವಾ ದ್ರವ ಸಾರಜನಕದ ಚಿಕಿತ್ಸೆ. ಗೊಂಚಲಾಗಿ ಬೆಳೆದಿದ್ದರೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಕತ್ತರಿಸಿ, ಬುಡವನ್ನು ಕಾಟರಿಯಿಂದ ಸುಡುತ್ತೇವೆ. ಕತ್ತರಿಸಿದ ತುಂಡು ಸ್ಟೀಲ್ ತಟ್ಟೆಯಿಂದ ನೇರವಾಗಿ ಹಳದಿ ಚೀಲಕ್ಕೆ, ಅಲ್ಲಿಂದ ಜೈವಿಕ ತ್ಯಾಜ್ಯ ಸುಡುವ ಕುಲುಮೆಗೆ. ಹೊರರೋಗಿಗಳ ಪುಸ್ತಕದಲ್ಲಿ ‘ಜನನಾಂಗದ ನರಹುಲಿ’ ಎಂದು ಒಂದು ಸಾಲು ಉಳಿಯುತ್ತದೆ. ಯಾವ ವಿಧ, ಯಾವ ತಳಿ ಎಂದು ಕೇಳುವವರಿಲ್ಲ.

ಲೈಂಗಿಕ ರೋಗಗಳಿಗಾಗಿ ಸರ್ಕಾರ ನಡೆಸುವ ಸುರಕ್ಷಾ ಕ್ಲಿನಿಕ್‌ಗಳ ಕಪಾಟಿನಲ್ಲಿ ಏಳು ಬಣ್ಣದ ಔಷಧ ಕಿಟ್‌ಗಳಿರುವುದನ್ನು ನೀವು ತಪಾಸಣೆಯ ವೇಳೆ ನೋಡಿರಬಹುದು: ಬೂದು, ಹಸಿರು, ಬಿಳಿ, ನೀಲಿ, ಕೆಂಪು, ಹಳದಿ, ಕಪ್ಪು. ಸ್ರಾವಕ್ಕೊಂದು, ಹುಣ್ಣಿಗೊಂದು, ಕೆಳಹೊಟ್ಟೆಯ ನೋವಿಗೊಂದು. ನರಹುಲಿಗೆ ಮಾತ್ರ ಬಣ್ಣವಿಲ್ಲ, ಏಕೆಂದರೆ ನುಂಗುವ ಗುಳಿಗೆಯಿಂದ ಅದು ಹೋಗುವುದಿಲ್ಲ. ಕಿಟ್ ಇಲ್ಲದ ರೋಗಕ್ಕೆ ಲೆಕ್ಕವೂ ಇರುವುದಿಲ್ಲ. ಇದು ನಮ್ಮ ವ್ಯವಸ್ಥೆಯ ಹಳೆಯ ಚಾಳಿ.

ಈಗ ತಳಿಯ ವಿಷಯ. ಈ ವೈರಸ್ಸಿನ ಡಿಎನ್‌ಎ ಉಂಗುರಾಕಾರದ್ದು, ಸುಮಾರು 8,000 ಅಕ್ಷರಗಳಷ್ಟು ಉದ್ದ. ಅದರಲ್ಲಿ ಎಲ್1 ಎಂಬ ಜೀನ್ ಹೊರಕವಚದ ಪ್ರೋಟೀನನ್ನು ರೂಪಿಸುತ್ತದೆ. ಎಲ್1ನಲ್ಲಿ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಅದನ್ನು ಬೇರೆಯೇ ವಿಧವೆಂದು ಗಣಿಸುತ್ತಾರೆ. ಹಾಗೆ ಗಣಿಸಿದ ವಿಧಗಳು 200 ದಾಟಿವೆ. ಒಂದೇ ವಿಧದೊಳಗೆ ಇಡೀ ಡಿಎನ್‌ಎಯಲ್ಲಿ ಸುಮಾರು ಶೇ 1ಕ್ಕಿಂತ ಹೆಚ್ಚು ಅಂತರವಿದ್ದರೆ ಬೇರೆ ತಳಿ, ಅರ್ಧದಿಂದ ಒಂದರೊಳಗಿದ್ದರೆ ಉಪತಳಿ. 6 ಮತ್ತು 11 ರಾಗಿ, ನವಣೆಗಳಂತೆ ಬೇರೆ ಬೇರೆ ಬೆಳೆ. 6ರೊಳಗಿನ ಎ ಮತ್ತು ಬಿ ರಾಗಿಯದೇ ಎರಡು ತಳಿ. ಬಿ ಒಳಗೆ ಮತ್ತೆ ಬಿ1, ಬಿ2, ಬಿ3 ಮೊದಲಾದ ಉಪತಳಿಗಳಿವೆ. ಯಾವ ಖಂಡದಲ್ಲಿ ಯಾವುದು ಹೆಚ್ಚು ಎಂಬುದರಲ್ಲಿಯೂ ವ್ಯತ್ಯಾಸವಿದೆ. 11 ಅಷ್ಟಾಗಿ ಕವಲೊಡೆದಿಲ್ಲ.

ರೂಪಾಂತರಿ ಎಂಬ ಪದ ಕೇಳಿದೊಡನೆ ಕೋವಿಡ್ ನೆನಪಾಗಿ ಗಾಬರಿಪಡುವುದು ಬೇಡ. ಕೊರೊನಾ ಆರ್‌ಎನ್‌ಎ ವೈರಸ್; ತಿಂಗಳೊಪ್ಪತ್ತಿನಲ್ಲಿ ವೇಷ ಬದಲಿಸುತ್ತಿತ್ತು. ಎಚ್‌ಪಿವಿ ತನ್ನ ಡಿಎನ್‌ಎಯನ್ನು ನಮ್ಮ ಜೀವಕೋಶದ ಕಿಣ್ವಗಳಿಂದಲೇ ನಕಲು ಮಾಡಿಸಿಕೊಳ್ಳುತ್ತದೆ. ಆ ಕಿಣ್ವಗಳು ತಪ್ಪನ್ನು ತಾವೇ ತಿದ್ದುತ್ತವೆ. ಹಾಗಾಗಿ ಈ ವೈರಸ್ ಬದಲಾಗುವುದು ಬಹಳ ನಿಧಾನ. 6 ಅಥವಾ 11ರ ಯಾವುದೋ ತಳಿ ಲಸಿಕೆಯನ್ನು ವಂಚಿಸುತ್ತಿದೆ ಎಂದು ಹೇಳಲು ಇಂದು ಆಧಾರವಿಲ್ಲ. ನಾನು ಹೊಸ ಭೀತಿ ಹುಟ್ಟಿಸಲು ಬಂದವನಲ್ಲ, ಸ್ವಾಮಿ. ಲೆಕ್ಕ ಇಡಿ ಎನ್ನಲು ಬಂದವನು.

ಲೆಕ್ಕವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಈ ವೈರಸ್ಸಿನ ಚರಿತ್ರೆಯಲ್ಲೇ ಉದಾಹರಣೆಯಿದೆ. 1980ರ ದಶಕದಲ್ಲಿ ಮಹಿಳೆಯೊಬ್ಬರ ಹೊರಜನನಾಂಗದ ಕ್ಯಾನ್ಸರ್ ಗಡ್ಡೆಯಿಂದ 6ರ ಒಂದು ರೂಪಾಂತರಿ ಸಿಕ್ಕಿತು. ಅದಕ್ಕೆ 6ವಿಸಿ ಎಂದು ಹೆಸರಿಟ್ಟರು. ಸಾಧು ಎನಿಸಿದ್ದ 6ರ ಈ ಬಗೆ ಕ್ಯಾನ್ಸರ್ ತರುವಂಥದ್ದಿರಬಹುದೇ ಎಂಬ ಅನುಮಾನ ಸಹಜವಾಗಿಯೇ ಹುಟ್ಟಿತು. ಮುಂದೆ ಯುರೋಪಿನಲ್ಲಿ ಸಾಮಾನ್ಯ ನರಹುಲಿಗಳನ್ನು ಸಾಲಾಗಿ ಪರೀಕ್ಷಿಸಿದಾಗ ಅವುಗಳಲ್ಲೂ ಅದೇ ಬಗೆ ಧಾರಾಳವಾಗಿ ಕಂಡಿತು. ಸಾಮಾನ್ಯದಲ್ಲಿ ಏನಿದೆ ಎಂದು ನೋಡದೆ ಅಪರೂಪದ್ದನ್ನು ಕಂಡು ಬೆರಳು ತೋರಿಸಿದರೆ ಹೀಗಾಗುತ್ತದೆ. ನಾಳೆ ನಮ್ಮ ರಾಜ್ಯದ ಪ್ರಯೋಗಾಲಯವೊಂದು ‘ಹೊಸ ರೂಪಾಂತರಿ ಪತ್ತೆ’ ಎಂದರೆ, ಅದು ಹೊಸದೋ ಅಥವಾ ನಾವು ಹಿಂದೆಂದೂ ನೋಡದೇ ಇದ್ದುದೋ ಎಂದು ಹೇಳಲು ನಿಮ್ಮ ಇಲಾಖೆಯ ಬಳಿ ಏನಿದೆ?

ಲಸಿಕೆಯ ದೃಷ್ಟಿಯಿಂದ ಈ ಪ್ರಶ್ನೆ ಇನ್ನೂ ಹರಿತವಾಗುತ್ತದೆ. ಎಚ್‌ಪಿವಿ ಲಸಿಕೆಗಳೆಲ್ಲ ಒಂದೇ ಅಲ್ಲ. ಕೆಲವು, ಗರ್ಭಕಂಠದ ಕ್ಯಾನ್ಸರ್‌ಗೆ ಮುಖ್ಯ ಕಾರಣವಾದ 16 ಮತ್ತು 18ನೇ ವಿಧಗಳನ್ನು ಮಾತ್ರ ತಡೆಯುತ್ತವೆ. ನಾಲ್ಕು ವಿಧಗಳ ಲಸಿಕೆಯಲ್ಲಿ 6 ಮತ್ತು 11 ಕೂಡ ಇವೆ. ಪುಣೆಯ ಸೀರಂ ಸಂಸ್ಥೆಯ, 2022ರಲ್ಲಿ ಅನುಮತಿ ಪಡೆದ ಸರ್ವಾವ್ಯಾಕ್ ಆ ಜಾತಿಯದು. ಬ್ರಿಟನ್ 2008ರಲ್ಲಿ ಎರಡು ವಿಧಗಳ ಲಸಿಕೆಯಿಂದ ಆರಂಭಿಸಿ, 2012ರಲ್ಲಿ ನಾಲ್ಕು ವಿಧಗಳದ್ದಕ್ಕೆ ಬದಲಾಯಿಸಿಕೊಂಡಿತು. ಆಸ್ಟ್ರೇಲಿಯಾ 2007ರಲ್ಲಿ ಮೊದಲಿಗೇ ನಾಲ್ಕು ವಿಧಗಳದ್ದನ್ನು ಹುಡುಗಿಯರಿಗೆ ಕೊಟ್ಟಿತು. ಅಲ್ಲಿನ ಲೈಂಗಿಕ ಆರೋಗ್ಯ ಕೇಂದ್ರಗಳಿಗೆ ಮೊದಲ ಬಾರಿ ಬಂದ 21 ವರ್ಷದೊಳಗಿನ ಯುವತಿಯರಲ್ಲಿ ನರಹುಲಿ ಇದ್ದವರು 2007ರಲ್ಲಿ ಶೇ 11.5, 2011ರಲ್ಲಿ ಶೇ 0.85. ಲಸಿಕೆಯನ್ನೇ ಪಡೆಯದ, ಹೆಂಗಸರೊಡನೆ ಮಾತ್ರ ಸಂಬಂಧವಿದ್ದ ಅದೇ ವಯಸ್ಸಿನ ಗಂಡಸರಲ್ಲೂ ಇಳಿಯಿತು: ಶೇ 12.1ರಿಂದ 2.2ಕ್ಕೆ. ಹುಡುಗರಿಗೆ ಅಲ್ಲಿ ಲಸಿಕೆ ಆರಂಭವಾದದ್ದು 2013ರಲ್ಲಿ.

ನಾಲ್ಕೇ ವರ್ಷ, ಸಚಿವರೇ. ಕ್ಯಾನ್ಸರ್ ಕಡಿಮೆಯಾಯಿತೋ ಇಲ್ಲವೋ ನೋಡಲು ಹದಿನೈದು, ಇಪ್ಪತ್ತು ವರ್ಷ ಕಾಯಬೇಕು. ಸೋಂಕು ತಗಲಿದ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಕಾಣಿಸಿಕೊಳ್ಳುವ ನರಹುಲಿ ಲಸಿಕೆಯ ಫಲವನ್ನು ಅಷ್ಟು ಬೇಗ ತೋರಿಸಿಕೊಡುತ್ತದೆ. ಐದು ವರ್ಷಕ್ಕೊಮ್ಮೆ ಜನರ ಮುಂದೆ ನಿಲ್ಲುವ ನಿಮಗೆ ಇದರ ಬೆಲೆ ನಾನು ಹೇಳಬೇಕಾಗಿಲ್ಲ. ಆದರೆ ಮೊದಲು ಎಷ್ಟಿತ್ತು ಎಂದು ಬರೆದಿಟ್ಟವರಿಗೆ ಮಾತ್ರ ಇಳಿದದ್ದು ಕಾಣುತ್ತದೆ.

ಇದರ ಮತ್ತೊಂದು ಮುಖವೂ ಇದೆ. ಲಸಿಕೆ ಪಡೆದ ಹುಡುಗಿಯೊಬ್ಬಳಿಗೆ ಮುಂದೊಂದು ದಿನ ನರಹುಲಿ ಬಂದೇ ಬರುತ್ತದೆ. ಅದು 6, 11 ಬಿಟ್ಟು ಬೇರೆ ವಿಧದ್ದಿರಬಹುದು. ಲಸಿಕೆಗೆ ಮೊದಲೇ ಸೋಂಕು ತಗಲಿದ್ದಿರಬಹುದು; ಇದ್ದ ಸೋಂಕನ್ನು ಲಸಿಕೆ ಓಡಿಸುವುದಿಲ್ಲ. ಇವೆರಡೂ ಅಲ್ಲವೆಂದಾದರೆ ಆಗ ಮಾತ್ರ ತಳಿಯ ಎಲ್1ನಲ್ಲಿ ಏನಾದರೂ ಬದಲಾಗಿದೆಯೇ ಎಂದು ನೋಡಬೇಕು. ಈ ಮೂರನ್ನೂ ಬಿಡಿಸಿ ಹೇಳುವ ವ್ಯವಸ್ಥೆ ಇಲ್ಲದಿದ್ದರೆ ‘ಲಸಿಕೆ ವಿಫಲ’ ಎಂಬ ಒಂದೇ ವಾಟ್ಸ್‌ಆ್ಯಪ್ ಸಂದೇಶ ಇಡೀ ಕಾರ್ಯಕ್ರಮವನ್ನು ಮಲಗಿಸಬಲ್ಲದು. ಇದು ಕಲ್ಪನೆಯ ಮಾತಲ್ಲ. ಲಸಿಕೆ ಪಡೆದ ಕೆಲವು ಹುಡುಗಿಯರು ಸತ್ತ ಸುದ್ದಿ ಹಬ್ಬಿ, 2010ರಲ್ಲಿ ಆಗ ನೆರೆಯ ಆಂಧ್ರದಲ್ಲಿದ್ದ ಖಮ್ಮಂ ಜಿಲ್ಲೆಯ ಮತ್ತು ಗುಜರಾತಿನ ವಡೋದರದ ಲಸಿಕೆ ಅಧ್ಯಯನ ನಿಂತುಹೋದದ್ದು ನಿಮಗೆ ಗೊತ್ತು. ಆ ಮಕ್ಕಳ ಸಾವಿಗೂ ಲಸಿಕೆಗೂ ಸಂಬಂಧ ಕಾಣುವುದಿಲ್ಲ ಎಂದು ಆಮೇಲೆ ವಿಚಾರಣೆ ಹೇಳಿತು. ಹಾಸ್ಟೆಲ್ ವಾರ್ಡನ್‌ಗಳು ಪೋಷಕರ ಬದಲಿಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಮಾತ್ರ ನಿಜವೇ ಆಗಿತ್ತು. ಮಾಹಿತಿ ಇಲ್ಲದಿರುವುದು, ಒಪ್ಪಿಗೆ ಕೇಳದಿರುವುದು, ಎರಡಕ್ಕೂ ದೇಶ ಬೆಲೆ ತೆತ್ತಿದೆ.

ಒಪ್ಪಿಗೆಯ ಮಾತು ಬಂದದ್ದರಿಂದ, ನನಗೆ ಅತ್ಯಂತ ಆತಂಕದ ವಿಷಯವನ್ನು ಇಲ್ಲೇ ಹೇಳುತ್ತೇನೆ. ನರಹುಲಿ ಬಂದ ಹೆಂಗಸಿನ ಜೊತೆ ಗಂಡನೋ ಅತ್ತೆಯೋ ಬಂದು ಮೊದಲು ಕೇಳುವುದು ಔಷಧವನ್ನಲ್ಲ, ‘ಇದು ಯಾರಿಂದ ಬಂತು ಡಾಕ್ಟ್ರೇ?’ ಎಂದು. ಗಂಡಸಿಗೆ ಬಂದಾಗ ಈ ಪ್ರಶ್ನೆ ಬಲು ಅಪರೂಪ. ತಳಿ ಪತ್ತೆ ಮಾಡುವ ಸೌಲಭ್ಯ ಬಂತೆಂದು ಗೊತ್ತಾದರೆ ನಾಳೆ ವಕೀಲರು ಅದನ್ನು ವಿಚ್ಛೇದನದ ಕಡತಕ್ಕೆ ಸೇರಿಸಲು ಹೊರಡುತ್ತಾರೆ. ಸ್ಪಷ್ಟವಾಗಿ ಹೇಳುತ್ತೇನೆ: ತಳಿಯಿಂದ ಅದು ಸಾಬೀತಾಗುವುದಿಲ್ಲ. ಇಷ್ಟು ನಿಧಾನ ಬದಲಾಗುವ ವೈರಸ್ಸಿನ ಒಂದೇ ಉಪತಳಿ ಪರಸ್ಪರ ಮುಖ ನೋಡದ ಲಕ್ಷಾಂತರ ಜನರಲ್ಲಿರುತ್ತದೆ. ಗಂಡ ಹೆಂಡತಿ ಇಬ್ಬರಲ್ಲೂ ಅದೇ ಉಪತಳಿ ಸಿಕ್ಕರೆ ಯಾರು ಯಾರಿಗೆ ಕೊಟ್ಟರು ಎಂದಾಗಲಿ, ಯಾವಾಗ ಎಂದಾಗಲಿ ಅದು ಹೇಳುವುದಿಲ್ಲ. ಬೇರೆ ಉಪತಳಿ ಸಿಕ್ಕರೂ ವ್ಯಭಿಚಾರದ ಪುರಾವೆಯಲ್ಲ. ಸೋಂಕು ಮದುವೆಗೆ ಮುಂಚಿನದಿರಬಹುದು, ವರ್ಷಗಟ್ಟಲೆ ಸದ್ದಿಲ್ಲದೆ ಕೂತಿದ್ದಿರಬಹುದು. ಆದ್ದರಿಂದ ಮಾದರಿ ಪ್ರಯೋಗಾಲಯ ಸೇರುವ ಮುನ್ನವೇ ಅದರಿಂದ ಹೆಸರು, ಊರು, ಆಧಾರ್ ಎಲ್ಲವೂ ಕಳಚಿಹೋಗಬೇಕು. ವಯಸ್ಸು, ಲಿಂಗ, ಜಿಲ್ಲೆ, ಲಸಿಕೆ ಪಡೆದಿದ್ದಾರೋ ಇಲ್ಲವೋ, ಇಷ್ಟು ಉಳಿದರೆ ಸಾಕು. ತಳಿಯ ಫಲಿತಾಂಶ ಮರಳಿ ರೋಗಿಯ ಚೀಟಿಗೆ ಬರಲೇಕೂಡದು. ಚಿಕಿತ್ಸೆಗೆ ಅದರಿಂದ ಪ್ರಯೋಜನವಿಲ್ಲ, ಮನೆಯಲ್ಲಿ ಜಗಳಕ್ಕೆ ಮಾತ್ರ ಇದೆ.

ಮಕ್ಕಳ ವಿಷಯವನ್ನು ಕಿವಿ ಮೂಗು ಗಂಟಲಿನ ತಜ್ಞರು ನನಗಿಂತ ಚೆನ್ನಾಗಿ ಹೇಳಬಲ್ಲರು. ಹೆರಿಗೆಯ ವೇಳೆ ತಾಯಿಯಿಂದ ಬಂದ ಇದೇ 6, 11 ಕೆಲವು ಮಕ್ಕಳ ಧ್ವನಿಪೆಟ್ಟಿಗೆಯಲ್ಲಿ ಗಂಟಾಗಿ ಬೆಳೆಯುತ್ತವೆ. ದನಿ ಒಡೆದು, ಉಸಿರು ಕಟ್ಟಿ, ಆಸ್ತಮಾ ಎಂದು ಔಷಧ ತಿಂದು, ಕೊನೆಗೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಗೆ ಒಳಗಾಗುವ ಮಕ್ಕಳು ಅವರು. 11 ಇದ್ದಾಗ ರೋಗ ಹೆಚ್ಚು ಮೊಂಡು. ಆಸ್ಟ್ರೇಲಿಯಾದಲ್ಲಿ ಇದು 2012ರಲ್ಲಿ ಲಕ್ಷ ಮಕ್ಕಳಿಗೆ 0.16 ಇದ್ದದ್ದು 2016ರಲ್ಲಿ 0.02ಕ್ಕೆ ಇಳಿಯಿತು. ಈ ಗಂಟುಗಳ ತುಂಡುಗಳೂ ಲೆಕ್ಕಕ್ಕೆ ಸೇರಬೇಕು.

ನರಹುಲಿಯಂಥ ಕ್ಷುಲ್ಲಕ ವಸ್ತುವಿನ ಮೇಲೆ ಹಣ ಏಕೆ ಎಂದು ಹಣಕಾಸು ಇಲಾಖೆಯವರು ಕೇಳಿದರೆ ಒಂದು ಮಾತು ನೆನಪಿಸಿ. ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರ ತಂಡ 1980ರಲ್ಲಿ ನರಹುಲಿಯಿಂದ 6ನ್ನೂ, 1982ರಲ್ಲಿ ಧ್ವನಿಪೆಟ್ಟಿಗೆಯ ಗಂಟಿನಿಂದ 11ನ್ನೂ ಪಡೆಯಿತು. ಆ 11ರ ಡಿಎನ್‌ಎಯನ್ನೇ ಹಿಡಿದು ಕ್ಯಾನ್ಸರ್ ಗಡ್ಡೆಗಳಲ್ಲಿ ಹುಡುಕಿದಾಗ 1983ರಲ್ಲಿ 16 ಸಿಕ್ಕಿತು. ಇಂದಿನ ಲಸಿಕೆಯ ದಾರಿ ತೆರೆದದ್ದು ಅಲ್ಲಿಂದ. ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು.

ಕಟ್ಟಡ, ಯಂತ್ರ ಹೊಸದಾಗಿ ಬೇಕಿಲ್ಲ. ಕೋವಿಡ್ ಕಾಲದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಇನ್‌ಸ್ಟೆಮ್ ಪ್ರಯೋಗಾಲಯಗಳು ಸುಮಾರು 30,000 ಅಕ್ಷರಗಳ ಕೊರೊನಾ ಜೀನೋಮನ್ನು ಓದಿದವು. ಇಲ್ಲಿರುವುದು 8,000. ಆರ್‌ಎನ್‌ಎಯಂತೆ ಬಿಸಿಲಿಗೆ ಹಾಳಾಗುವ ಸರಕೂ ಅಲ್ಲ. ಜಿಲ್ಲೆಯಿಂದ ಬರುವಷ್ಟರಲ್ಲಿ ಡಿಎನ್‌ಎ ಕೆಡುವುದಿಲ್ಲ. ಬೆಂಗಳೂರು, ಹುಬ್ಬಳ್ಳಿ, ಕಲಬುರಗಿ, ಮಂಗಳೂರಿನ ಸರ್ಕಾರಿ ಆಸ್ಪತ್ರೆಗಳ ಚರ್ಮರೋಗ ವಿಭಾಗಗಳಿಂದ ಆರಂಭಿಸಿ. ಕತ್ತರಿಸಿದ ತುಂಡಿನ ಒಂದು ಚೂರು, ಆಲ್ಕೋಹಾಲ್ ತುಂಬಿದ ಸಣ್ಣ ಸೀಸೆ, ಅದರ ಮೇಲೊಂದು ಸಂಖ್ಯೆ. ಎಲ್ಲ ಮಾದರಿಗಳ ವಿಧ ನೋಡಲಿ, ಅವುಗಳಲ್ಲಿ ಕೆಲವನ್ನು ಪೂರ್ತಿ ಓದಲಿ. ಲಸಿಕೆ ಪಡೆದ ಹುಡುಗಿಯರು ದೊಡ್ಡವರಾಗುವ ಮೊದಲು ಇದು ಶುರುವಾಗಬೇಕು. ಆಮೇಲೆ ಹಿಂದಿನದನ್ನು ಅಳೆಯಲು ಆಗುವುದಿಲ್ಲ. ಯಾವ ಯೋಜನೆಯಡಿ ಲಸಿಕೆ ಕೊಂಡರೂ ಟೆಂಡರ್‌ನಲ್ಲಿ 6 ಮತ್ತು 11ರ ಹೆಸರು ಇರುವಂತೆ ನೋಡಿಕೊಳ್ಳಿ.

ಹೆಸರು ಕಳಚುವ ಕ್ರಮವನ್ನೂ ಸೇರಿಸಿ, ರೋಗಿಗೆ ಓದಿ ಹೇಳಬಹುದಾದ ಒಪ್ಪಿಗೆ ಪತ್ರದ ಕರಡನ್ನು ಕನ್ನಡದಲ್ಲಿ ಬರೆದಿಟ್ಟಿದ್ದೇನೆ, ಎರಡೇ ಪುಟ. ನಿಮ್ಮ ಕಚೇರಿಯಿಂದ ಯಾರಾದರೂ ಕೇಳಿದ ದಿನವೇ ಕಳಿಸಿಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸರ್ಕಾರಿ ಚರ್ಮರೋಗ ವೈದ್ಯ